ಮೈಸೂರಲ್ಲಿ ಹೆರಿಗೆ, ಮಂಡ್ಯದಲ್ಲಿ ಬಾಣಂತನ

ದೊಡ್ಡಮ್ಮ, ವಾಯ್ಸ್ ಮೆಸೇಜೇ ಕಳಿಸೋಣ ಅಂತಿದ್ದೆ. ಆದರೆ ಅಜ್ಜಿ ಫೋನಿನ ಸ್ಪೀಕರ್ ಕೆಟ್ಟಿದೆಯಂತೆ, ಚಿಕ್ಕಮ್ಮನೇ ಓದಿ ಹೇಳಬೇಕಂತೆ. ಅದಕ್ಕೆ ಮೈಕ್ ಒತ್ತಿ ಮಾತಾಡುತ್ತಾ ಹೋಗುತ್ತೇನೆ, ಫೋನು ತಾನೇ ಬರೆದುಕೊಳ್ಳಲಿ. ಉದ್ದ ಆಗುತ್ತದೆ, ಬೈಕೋಬೇಡಿ.

ನೀವು ಬೆಳಗ್ಗೆ ಗ್ರೂಪಲ್ಲಿ ಕೇಳಿದ್ದು ಇಷ್ಟು. ಏಳು ತುಂಬುತ್ತಾ ಬಂತು, ಹುಡುಗೀನ ಇನ್ನೂ ಯಾಕೆ ಮನೆಗೆ ಕರೆದುಕೊಂಡು ಬಂದಿಲ್ಲ, ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅಲ್ವಾ, ಊರಲ್ಲಿ ಕೇಳಿದವರಿಗೆ ಏನು ಹೇಳೋದು ಅಂತ. ಅದರ ಕೆಳಗೆ ಸೋದರಮಾವ ಕೈ ಮುಗಿದರು, ಚಿಕ್ಕಪ್ಪ 'ಸ್ಕ್ಯಾನಲ್ಲಿ ಏನಂತೆ' ಅಂದರು, ಅಪ್ಪ ಹೆಬ್ಬೆರಳು ಒತ್ತಿದರು. ಆ ಹೆಬ್ಬೆರಳು ಯಾರ ಪರ ಅಂತ ಅಮ್ಮನಿಗೂ ಗೊತ್ತಿಲ್ಲವಂತೆ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಸೀಮಂತ ಊರಲ್ಲಿ, ನಮ್ಮ ಮನೆಯಲ್ಲೇ. ಹೆರಿಗೆ ಮೈಸೂರಲ್ಲಿ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಡಾಕ್ಟರ್ ಯಾವತ್ತು ಹೂಂ ಅನ್ನುತ್ತಾರೋ ಆವತ್ತೇ ನೇರ ಊರಿಗೆ, ಬಾಣಂತನ ಪೂರ್ತಿ ಅಮ್ಮನ ಕೈಯಲ್ಲಿ. ಇದು ಇವರು ಹೇಳಿಕೊಟ್ಟ ಮಾತಲ್ಲ. ಅತ್ತೆ ಹಿಡಿದಿಟ್ಟುಕೊಂಡಿದ್ದಾರೆ ಅಂತ ಯಾರೂ ತಿಳಿಯಬೇಡಿ, ಅವರೇ 'ತವರಿಗೆ ಹೋಗಮ್ಮ, ನಮ್ಮಲ್ಲೂ ಅದೇ ಪದ್ಧತಿ' ಅಂದರು. ಹೆರಿಗೆ ತನಕ ಇಲ್ಲೇ ಇರುತ್ತೇನೆ ಅಂದವಳು ನಾನು.

ಯಾಕೆ ಅಂದರೆ, ಮೊದಲನೆಯದು ರಜೆ ಲೆಕ್ಕ. ನನ್ನ ಆಫೀಸಲ್ಲಿ ಹೆರಿಗೆ ರಜೆ 26 ವಾರ, ಸಂಬಳ ಸಮೇತ. ಮುಂಚೆ 12 ವಾರ ಇತ್ತು, 2017ರಲ್ಲಿ ಕಾನೂನು ತಿದ್ದಿದ ಮೇಲೆ ಇಷ್ಟಾಯಿತು. ಆದರೆ ಈ 26ರಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಲು ಬಿಡುವುದು ಹೆಚ್ಚೆಂದರೆ 8 ವಾರ. ಏಳು ತುಂಬಿದ ತಕ್ಷಣ ನಾನು ಬಂದುಬಿಟ್ಟರೆ ಮೊದಲು ಸ್ವಲ್ಪ ದಿನ ಸಂಬಳ ಇಲ್ಲದ ರಜೆ, ಆಮೇಲೆ ಆ 8 ವಾರವೂ ಖಾಲಿ, ಮಗು ಬಂದ ಮೇಲೆ ಉಳಿಯುವುದು 18. ಮಗುವಿಗೆ ಆರು ತಿಂಗಳು ಎದೆಹಾಲು ಬಿಟ್ಟು ನೀರು ಕೂಡ ಕೊಡಬಾರದು ಅಂತ ಆಶಾ ಕಾರ್ಯಕರ್ತೆ ಅಕ್ಕನಿಂದ ಹಿಡಿದು ಡಾಕ್ಟರ್ ತನಕ ಎಲ್ಲರೂ ಹೇಳುತ್ತಾರೆ. ನಾಲ್ಕು ತಿಂಗಳ ಕೂಸನ್ನು ಬಿಟ್ಟು ಆಫೀಸಲ್ಲಿ ಕೂತು ಬಿಲ್ ಚೆಕ್ ಮಾಡುವುದು ನನ್ನ ಕೈಲಾಗುವುದಿಲ್ಲ. ಈಗ ಹೇಗೂ ಕುರ್ಚಿ ಮೇಲೆ ಕೂತು ಮಾಡುವ ಕೆಲಸ, ಬಿಪಿ ಸರಿ ಇದೆ, ಡಾಕ್ಟರೂ ಬೇಡ ಅಂದಿಲ್ಲ. ಒಂಬತ್ತಕ್ಕೆ ಬಿದ್ದ ಮೇಲೆ ರಜೆ ಹಾಕಿದರೆ ಮಗು ಜೊತೆ ಐದು ತಿಂಗಳು ಸಿಗುತ್ತದೆ. ಮಿಕ್ಕಿದ್ದಕ್ಕೆ ಸ್ವಂತ ರಜೆ ಸೇರಿಸಿಕೊಳ್ಳುತ್ತೇನೆ.

ಎರಡನೆಯದು ಡಾಕ್ಟರ್. ಮಂಡ್ಯದಲ್ಲಿ ಆಸ್ಪತ್ರೆ ಇಲ್ಲ ಅಂತಲ್ಲ. ಮಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ನರ್ಸಿಂಗ್ ಹೋಮ್‌ಗಳಿವೆ, ನೀವೆಲ್ಲ ಹೆತ್ತಿದ್ದೂ ಆ ಕಡೆಯೇ. ಆದರೆ ಇಲ್ಲಿನ ಡಾಕ್ಟರ್ ನನ್ನನ್ನು ಎರಡನೇ ತಿಂಗಳಿಂದ ನೋಡುತ್ತಿದ್ದಾರೆ. ನನ್ನ ರಕ್ತದ ಕಥೆ ಅವರಿಗೆ ಬಾಯಿಪಾಠ. ಮೊದಲ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9ರ ಹತ್ತಿರ ಇತ್ತು, ಬಸುರಿಗೆ 11 ಆದರೂ ಇರಬೇಕಂತೆ. ಹೆರಿಗೆಯಲ್ಲಿ ರಕ್ತ ಹೋಗೇ ಹೋಗುತ್ತದೆ, ಮೊದಲೇ ಕಮ್ಮಿ ಇದ್ದವಳಿಗೆ ಅದು ಜಾಸ್ತಿ ಅಪಾಯ, ಅದಕ್ಕೇ ಅವರು ಅಷ್ಟು ಹಿಡಿದುಕೊಂಡರು. ಕಬ್ಬಿಣದ ಮಾತ್ರೆ ಕೊಟ್ಟರು. ನುಂಗುತ್ತಿದ್ದೆ, ಏರಲೇ ಇಲ್ಲ. ಆಮೇಲೆ ಅವರು ಕೇಳಿದ ಪ್ರಶ್ನೆ ಏನು ಗೊತ್ತಾ, 'ಕಾಫಿ ಯಾವಾಗ ಕುಡಿಯುತ್ತೀರಮ್ಮ?' ಅಂತ. ನಮ್ಮ ಮನೆಯಲ್ಲಿ ಕಾಫಿ ಯಾವಾಗ ಕುಡಿಯುವುದಿಲ್ಲ ಅಂತ ಕೇಳಬೇಕಿತ್ತು.

ಕಾಫಿ, ಟೀ, ಹಾಲು ಯಾವುದೇ ಇರಲಿ, ಮಾತ್ರೆಯ ಹಿಂದೆಮುಂದೆ ಹೋದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆ ನುಂಗಬಾರದು. ಹುಳಿ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ಈಗ ಕ್ಯಾಲ್ಸಿಯಂ ಬೆಳಗ್ಗೆ ತಿಂಡಿ ಆದ ಮೇಲೆ, ಕಬ್ಬಿಣ ರಾತ್ರಿ ನಿಂಬೆ ಪಾನಕದ ಜೊತೆ, ಕಾಫಿ ಸಂಜೆ ಒಂದೇ ಲೋಟ. ಆ ಒಂದು ಲೋಟಕ್ಕೆ ನಾನು ಮಧ್ಯಾಹ್ನದಿಂದಲೇ ಗಡಿಯಾರ ನೋಡುತ್ತಿರುತ್ತೇನೆ. ಇವರು ಪಾಪ ತಾವೂ ಬೆಳಗಿನ ಕಾಫಿ ಬಿಟ್ಟಿದ್ದಾರೆ, ಮನೆಯಲ್ಲಿ ಮಾತ್ರ. ಆಫೀಸ್ ಹತ್ತಿರ ಕುಡಿದು ಬರುತ್ತಾರೆ ಅಂತ ನನಗೆ ಗೊತ್ತು, ವಾಸನೆ ಈಗ ನನಗೆ ಗೇಟಿನಿಂದಲೇ ಬರುತ್ತದೆ. ಹಿಮೋಗ್ಲೋಬಿನ್ 10 ದಾಟಿದೆ. ಇನ್ನೂ ಏರಬೇಕು. ಈ ಸಮಯದಲ್ಲಿ ಫೈಲ್ ಎತ್ತಿಕೊಂಡು ಹೊಸ ಡಾಕ್ಟರ್ ಹತ್ತಿರ ಹೋಗಿ ಮತ್ತೆ ಒಂದರಿಂದ ಶುರು ಮಾಡಲು ನನಗೆ ಮನಸ್ಸಿಲ್ಲ.

ಅಜ್ಜಿ, ನುಗ್ಗೆಸೊಪ್ಪು ತಿನ್ನುತ್ತಿದ್ದೇನೆ. ರಾಗಿಯೂ ತಿನ್ನುತ್ತಿದ್ದೇನೆ. ಇವರು ಮುದ್ದೆ ತಿರುವುವುದು ಕಲಿತಿದ್ದಾರೆ. ಇವರ ಮನೆ ಅನ್ನದ ಮನೆ, ಗೊತ್ತಲ್ಲ, ಮದುವೆಗೆ ಮುಂಚೆ ಮುದ್ದೆ ಕೋಲು ಕೈಯಲ್ಲಿ ಹಿಡಿದವರಲ್ಲ. ಮೊದಮೊದಲು ಗಂಟು ಗಂಟು, ಒಳಗೆ ಹಸಿ ಹಿಟ್ಟು. ಈಗ ಪರವಾಗಿಲ್ಲ, ನುಂಗಬಹುದು. ಮೊದಲ ಮೂರು ತಿಂಗಳು ಒಗ್ಗರಣೆ ವಾಸನೆ ಬಂದರೆ ಸಾಕು ನನಗೆ ವಾಂತಿ. ಆವಾಗ ಇವರು ಅಡುಗೆಮನೆ ಬಾಗಿಲು ಹಾಕಿಕೊಂಡು, ಕಿಟಕಿ ತೆಗೆದು, ಒಗ್ಗರಣೆ ಇಲ್ಲದ ಸಾರು ಮಾಡುತ್ತಿದ್ದರು. ಅದು ಸಾರಲ್ಲ, ಬೇಳೆ ನೀರು. ಆದರೂ ಮಾಡಿದರು. ಎರಡನೇ ಮಹಡಿ ಬಾಡಿಗೆ ಮನೆ, ಸಿಲಿಂಡರ್ ಇವರೇ ಎತ್ತಿ ತರುತ್ತಾರೆ, ತಾರಸಿಯ ಬಟ್ಟೆ ಇವರೇ ಒಣಗಿಸಿ ತರುತ್ತಾರೆ. ಗಂಡಸಿನ ಕೈಲಿ ಇದೆಲ್ಲ ಮಾಡಿಸುತ್ತಾಳೆ ಅಂತ ಯಾರಿಗಾದರೂ ಅನ್ನಿಸಿದರೆ ಅನ್ನಿಸಲಿ.

ಬಯಕೆ ಏನು ಅಂತ ಚಿಕ್ಕಮ್ಮ ಕೇಳಿದ್ದರು. ಹುರುಳಿಕಾಳಿನ ಬಸ್ಸಾರು. ಹುಳಿ ಮಾವಿನಕಾಯಿ ಗಿವಿನಕಾಯಿ ಏನೂ ಇಲ್ಲ. ಹುರುಳಿ ಉಷ್ಣ, ಬಸುರಿಗೆ ಬೇಡ ಅಂತ ಅಜ್ಜಿ ಬೈಯುತ್ತಾರೆ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ. ಇನ್ನೊಂದು ನಂಜನಗೂಡು ರಸಬಾಳೆ. ಇವರು ದೇವರಾಜ ಮಾರ್ಕೆಟ್ ಪೂರ್ತಿ ಸುತ್ತಿ, ಕೊನೆಗೆ ಏಲಕ್ಕಿ ಬಾಳೆ ತಂದು 'ಇದೂ ಬಾಳೆಹಣ್ಣೇ' ಅಂದರು. ಊರ ಕಡೆ ಯಾರಾದರೂ ಬೆಳೆದಿದ್ದರೆ ಸೀಮಂತಕ್ಕೆ ಒಂದು ಚಿಪ್ಪು ಇಟ್ಟಿರಿ. ಪರಂಗಿ ಹಣ್ಣು ತಿಂದಿಲ್ಲ, ಆ ಚಿಂತೆ ಬಿಡಿ. ಕೇಸರಿ ಡಬ್ಬಿ ಕಳಿಸಿದ್ದು ಯಾರೋ ಗೊತ್ತಿಲ್ಲ, ಹಾಲಿಗೆ ಹಾಕಿಕೊಂಡು ಕುಡಿಯುತ್ತಿದ್ದೇನೆ, ರುಚಿ ಚೆನ್ನಾಗಿದೆ. ಆದರೆ ಮಗು ಬೆಳ್ಳಗೆ ಹುಟ್ಟುತ್ತದೆ ಅಂತ ಕಾಯಬೇಡಿ. ನಾನು ಕಪ್ಪು, ಇವರು ನನಗಿಂತ ಕಪ್ಪು, ಎಲ್ಲಿಂದ ತರುವುದು?

ಮೂರನೆಯದು ಇವರೇ. ಇವರಿಗೆ ಹೆರಿಗೆ ದಿನ ಪಕ್ಕದಲ್ಲಿರಬೇಕು ಅಂತ ಆಸೆ. ಸರ್ಕಾರಿ ಕೆಲಸದವರಿಗೆ ಅಪ್ಪ ಆದಾಗ 15 ದಿನ ರಜೆ ಇದೆ, ಪ್ರೈವೇಟ್ ಕಂಪನಿಯವರಿಗೆ ಅಂತ ಕಾನೂನೇ ಇಲ್ಲ. ಕಂಪನಿ ಮನಸ್ಸು ಮಾಡಿದರೆ ಉಂಟು. ಇವರದು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸ. ಹಬ್ಬಕ್ಕೂ ರಜೆ ಹಾಕದೆ ಕೂಡಿಟ್ಟುಕೊಂಡಿದ್ದಾರೆ. ನೋವು ರಾತ್ರಿ ಪಾಳಿಯಲ್ಲೇ ಶುರು ಆಯಿತು ಅಂತ ಇಟ್ಟುಕೊಳ್ಳಿ, ನಾನು ಊರಲ್ಲಿದ್ದರೆ ಇವರು ಬೈಕಲ್ಲಿ ಹೊರಡಬೇಕು. ಹೈವೇ ಮೇಲೆ 2023ರ ಆಗಸ್ಟಿನಿಂದ ಬೈಕ್ ಬಿಡುವುದಿಲ್ಲ, ಸರ್ವಿಸ್ ರೋಡೇ ಗತಿ. ಶ್ರೀರಂಗಪಟ್ಟಣ ದಾಟಿ ಮಂಡ್ಯಕ್ಕೆ ಹತ್ತಿರ ಹತ್ತಿರ 45 ಕಿಲೋಮೀಟರ್, ಮೇಲೆ ನಮ್ಮೂರ ದಾರಿ, ಕಬ್ಬಿನ ಲಾರಿಗಳು. ಗಾಬರಿಯಲ್ಲಿ ಈ ಮನುಷ್ಯ ಆ ದಾರಿಯಲ್ಲಿ ಬರುತ್ತಿದ್ದಾರೆ ಅಂತ ನೆನೆಸಿಕೊಂಡು ನಾನು ನೋವು ತಿನ್ನಬೇಕಾ? ಇಲ್ಲೇ ಇದ್ದರೆ ಆಸ್ಪತ್ರೆ ಆಟೋದಲ್ಲಿ ಹತ್ತು ನಿಮಿಷ.

ರಾತ್ರಿ ಊಟ ಆದ ಮೇಲೆ ಎಡಮಗ್ಗುಲಿಗೆ ಮಲಗಿ ಮಗು ಒದೆಯುವುದನ್ನು ಎಣಿಸಬೇಕು. ಎಣಿಸುವವಳು ನಾನು, ಗೋಡೆ ಕ್ಯಾಲೆಂಡರಲ್ಲಿ ಬರೆಯುವವರು ಇವರು. ಗೆರೆ ಹಾಕುತ್ತಾ ಹಾಕುತ್ತಾ ಅವರೇ ನಿದ್ದೆ ಹೋಗುತ್ತಾರೆ. ಆವಾಗ ಮಗು ಜಾಸ್ತಿ ಒದೆಯುತ್ತದೆ.

ಈಗ ಚಿಕ್ಕಪ್ಪ. ಸ್ಕ್ಯಾನಲ್ಲಿ ಏನಂತೆ ಅಂದಿರಿ. ಐದನೇ ತಿಂಗಳ ದೊಡ್ಡ ಸ್ಕ್ಯಾನಲ್ಲಿ ಹೃದಯದ ನಾಲ್ಕು ಕೋಣೆಯೂ ಕಾಣಿಸಿತಂತೆ, ಬೆನ್ನುಮೂಳೆ ಸರಿ ಇದೆಯಂತೆ, ಕಿಡ್ನಿ ಎರಡೂ ಇವೆಯಂತೆ. ನೀವು ಕೇಳಿದ್ದು ಅದಲ್ಲ ಅಂತ ಗೊತ್ತು. ಗಂಡೋ ಹೆಣ್ಣೋ ಅಂತ ನಾವು ಕೇಳಲಿಲ್ಲ, ಅವರು ಹೇಳಲಿಲ್ಲ, ಹೇಳುವ ಹಾಗೂ ಇಲ್ಲ. 1994ರದ್ದೇ ಕಾನೂನಿದೆ, ಪ್ರತಿ ಸ್ಕ್ಯಾನಿಂಗ್ ಸೆಂಟರಿನ ಗೋಡೆಯಲ್ಲೂ ಬೋರ್ಡ್ ಇದೆ. ತಮಾಷೆಗೆ ಕೇಳಿದೆ ಅನ್ನಬೇಡಿ ಚಿಕ್ಕಪ್ಪ. 2023ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಆಲೆಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಹೊಟ್ಟೆಯಲ್ಲಿರುವುದು ಹೆಣ್ಣಾ ಅಂತ ನೋಡುತ್ತಿದ್ದ ಜಾಲ ಸಿಕ್ಕಿಬಿದ್ದಿತ್ತು, ಟೀವಿಯಲ್ಲಿ ನಾವೆಲ್ಲ ಒಟ್ಟಿಗೆ ಕೂತು ನೋಡಿದ್ದೆವು. ಬೆಲ್ಲ ಬೇಯಿಸುವ ಜಾಗ ಅದು. ಆವತ್ತು ಥೂ ಅಂದವರು ನೀವೇ. ಈ ಗ್ರೂಪಲ್ಲಿ ಆ ಪ್ರಶ್ನೆ ಇನ್ನೊಂದು ಸಲ ಬರುವುದು ಬೇಡ.

ಅತ್ತಿಗೆ, ನಿಮಗೆ ಒಂದು ಮಾತು, ನಿಮಗೂ ಮೂರನೇ ತಿಂಗಳು ಅಂತ ಅಮ್ಮ ಹೇಳಿದಳು, ಖುಷಿ ಆಯಿತು. ಅಂಗನವಾಡಿಗೆ ಹೋಗಿ ಈಗಲೇ ಹೆಸರು ಬರೆಸಿ, ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ಸರ್ಕಾರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5000 ರೂಪಾಯಿ ಬರುತ್ತದೆ, ಮೊದಲು 3000, ಮಗು ಹುಟ್ಟಿ ಮೊದಲ ಸುತ್ತಿನ ಲಸಿಕೆ ಆದ ಮೇಲೆ 2000. ದುಡ್ಡು ನಿಮ್ಮದೇ ಹೆಸರಿನ, ಆಧಾರ್ ಜೋಡಿಸಿದ ಅಕೌಂಟಿಗೆ ಬೀಳುತ್ತದೆ, ಅಣ್ಣನ ಅಕೌಂಟ್ ಕೊಡಬೇಡಿ. ನನಗೆ ಸಂಬಳದ ರಜೆ ಇರುವುದರಿಂದ ಅದು ಸಿಗುವುದಿಲ್ಲ, ನಿಮಗೆ ಸಿಗುತ್ತದೆ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ನಾಲ್ಕನೇ ತಿಂಗಳಿಂದ ಬಸುರಿಯರಿಗೆ ಪುಕ್ಕಟೆ ತಪಾಸಣೆ ಇರುತ್ತದೆ, ಮುಂದಿನ ತಿಂಗಳಿಂದ ಆವತ್ತು ಹೋಗಿ. ಮತ್ತೆ ಕಾಫಿ ವಿಷಯ ನೆನಪಿರಲಿ.

ಬಾಣಂತನದ ಮಾತು. ಅಜ್ಜಿ, ಎಣ್ಣೆನೀರಿಗೆ ನಾನು ರೆಡಿ. ನೀರು ಹದವಾಗಿ ಬಿಸಿ ಇದ್ದರೆ ಸಾಕು. ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ, ನಿಮ್ಮ ಖಾರದ ಪುಡಿ, ಎಲ್ಲಾ ತಿನ್ನುತ್ತೇನೆ, ಒಂದು ಮಾತು ಎದುರಾಡುವುದಿಲ್ಲ. ಆದರೆ ನೀರು ಕುಡಿಯಬೇಡ ಅಂದರೆ ಕೇಳುವುದಿಲ್ಲ, ಹಾಲು ಕೊಡುವವಳಿಗೆ ಬಾಯಾರುತ್ತದೆ, ಕುಡಿಯಲೇಬೇಕು. ಮಗು ಹುಟ್ಟಿದ ತಕ್ಷಣ ಜೇನು, ಸಕ್ಕರೆ ನೀರು ನಾಲಿಗೆಗೆ ಮುಟ್ಟಿಸುವುದೂ ಬೇಡ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವ ಮಾತೂ ಬೇಡ, ಅದೇ ಮಗುವಿಗೆ ಮೊದಲು ಹೋಗಬೇಕಾದದ್ದು. ಸಾಂಬ್ರಾಣಿ ಹೊಗೆ ನನ್ನ ಕೂದಲಿಗೆ ಹಾಕಿ, ಮಗು ಇರುವ ರೂಮಿಗೆ ಬೇಡ. ಮೂಗಿನ ಜಾಗ ಎಷ್ಟಿರುತ್ತದೆ ಅದಕ್ಕೆ, ನೀವೇ ಹೇಳಿ. ಹಳೇ ಹತ್ತಿ ಸೀರೆ ಇದ್ದರೆ ಒಗೆದು ಬಿಸಿಲಲ್ಲಿ ಒಣಗಿಸಿ ಇಟ್ಟಿರಿ, ಅಂಗಡಿ ಬಟ್ಟೆ ಯಾರೂ ಜಾಸ್ತಿ ತರಬೇಡಿ.

ಸೀಮಂತದ ದಿನಕ್ಕೆ ಅತ್ತೆ ಒಂಟಿಕೊಪ್ಪಲು ಪಂಚಾಂಗ ನೋಡಿ ಎರಡು ಭಾನುವಾರ ಹೇಳಿದ್ದಾರೆ, ಅಮ್ಮನಿಗೆ ಫೋನ್ ಮಾಡುತ್ತಾರೆ. ಹಸಿರು ಬಳೆ ತರುವವರು ಎರಡು ಆರು ಅಳತೆ ತನ್ನಿ. ಮದುವೆಯಲ್ಲಿ ಎರಡು ನಾಲ್ಕು ಇತ್ತು, ಈಗ ಕೈ ದಪ್ಪ ಆಗಿದೆ.

ಈಗ ಉಳಿದಿರುವುದು ಒಂದೇ, ಅದು ದೊಡ್ಡಮ್ಮ ನಿಮ್ಮ ಕೈಯಲ್ಲಿದೆ. ಹೆರಿಗೆಗೆ ಎರಡು ಮೂರು ವಾರ ಮುಂಚೆ ಅಮ್ಮ ಮೈಸೂರಿಗೆ ಬಂದು ಇರಬೇಕು. ಬರುತ್ತೇನೆ ಅಂತಾಳೆ, ಹಿಂದೆಯೇ 'ಹಸುಗಳು?' ಅಂತಾಳೆ. ಎರಡು ಹೊತ್ತು ಹಾಲು ಕರೆದು ಡೈರಿಗೆ ಹಾಕಬೇಕು. ಅಪ್ಪ ಹುಲ್ಲು ಹಾಕುತ್ತಾರೆ, ಸಗಣಿ ಬಾಚುತ್ತಾರೆ, ಕರೆಯುವುದು ಮಾತ್ರ ಆಗುವುದಿಲ್ಲ. ಆ ಕಪ್ಪು ಹಸು ಅವರನ್ನು ಹತ್ತಿರಕ್ಕೇ ಸೇರಿಸುವುದಿಲ್ಲ, ಹೋದ ವರ್ಷ ಒದ್ದಿದ್ದು ನೆನಪಿದೆ ಅಲ್ವಾ. ಅಣ್ಣ ಅಷ್ಟು ದಿನ ಬೆಳಗ್ಗೆ ಸಂಜೆ ಬಂದು ಕರೆದುಕೊಡುತ್ತಾನಾ? ಅವನನ್ನು ಕೇಳಿ ಇವತ್ತೇ ಹೇಳಿ. ಅವನು ಹೂಂ ಅಂದರೆ ಅಮ್ಮ ನಾಳೆಯೇ ಬ್ಯಾಗ್ ತುಂಬುತ್ತಾಳೆ.