ಈ ವಾರದ ಸಮಸ್ಯೆ: ಕಾಲಿಲ್ಲದವನ ಹೆಜ್ಜೆಯ ಗುರುತನರಸಿದರು

ಪೃಚ್ಛಕ:
ಐದು ಮಾತ್ರೆಯ ನಾಲ್ಕು ಗಣ, ಆದಿಪ್ರಾಸ ‘ಲ’. ಮೇಲಿನದೇ ಕೊನೇ ಸಾಲಾಗುವಂತೆ ಪದ್ಯ ಕಟ್ಟಿ. ವಿಷಯ ಚುನಾವಣೆಯ ಕೊಂಕುಮಾತು. ಎದುರಾಳಿಯನ್ನು ದೇಶದ್ರೋಹಿ ಅಂತ ಬಾಯಿಬಿಟ್ಟು ಹೇಳಬಾರದು, ಕೇಳಿದವರೇ ಹಾಗಂದುಕೊಳ್ಳಬೇಕು. ಅಂಥ ಮಾತು. ಹಾವು, ನೆರಳು ಅಂತ ಸುಮ್ನೆ ಜಾರಿಕೊಳ್ಳೋ ಹಾಗಿಲ್ಲ.

ಕಿರುಗವಿ:
ನಾಲಗೆಯ ತುದಿಯಲ್ಲಿ ದ್ರೋಹಿಗಳ ಪಟ್ಟಿಯಿದೆ,
ಮೇಲೇರಿ ಕೆಳಗಿಳಿದುದೆಣಿಕೆ ಊರೂರಿನಲಿ;
ಕಾಲವೆನಿತೋ ಕಳೆದು ನೆರಳೊಂದ ಬೆನ್ನಟ್ಟಿ
ಕಾಲಿಲ್ಲದವನ ಹೆಜ್ಜೆಯ ಗುರುತನರಸಿದರು

ನೆರಳು ಬಂದೇಬಿಟ್ಟಿತು, ಕ್ಷಮಿಸಿ. ಇದು ಅಮೆರಿಕದ ಸೆನೆಟರ್ ಜೋಸೆಫ್ ಮೆಕಾರ್ಥಿ ಕತೆ. 1950ರ ಫೆಬ್ರವರಿಯಲ್ಲಿ ವೀಲಿಂಗ್ ಊರಿನ ಭಾಷಣದಲ್ಲಿ, ಸರ್ಕಾರದೊಳಗೆ 205 ಕಮ್ಯುನಿಸ್ಟರಿದ್ದಾರೆ, ಪಟ್ಟಿ ಕೈಯಲ್ಲೇ ಇದೆ ಅಂದರೆಂದು ವರದಿಯಾಯ್ತು. ಮರುದಿನ ಇನ್ನೊಂದು ಊರಲ್ಲಿ ಅದು 57. ಆಮೇಲೆ ಸೆನೆಟ್‌ನಲ್ಲಿ 81.

ಮಾತ್ರೆಗುಳಿಗೆ:
ಎರಡನೇ ಸಾಲು ಚೆನ್ನಾಗಿದೆ. ಆದರೆ ‘ತುದಿಯಲ್ಲಿ ದ್ರೋಹಿ’ ಅನ್ನುವಾಗ ಒತ್ತಕ್ಷರಕ್ಕೆ ಹಿಂದಿನ ‘ಲ್ಲಿ’ ಗುರುವಾಗುತ್ತದೆ. ಆರು ಮಾತ್ರೆ! ‘ತುದಿಯಲೇ’ ಅನ್ನಿ, ಸರಿಹೋಗುತ್ತೆ.

ಕಿರುಗವಿ:
ಅವರ ಎಣಿಕೆಯೂ ತಪ್ಪು, ನನ್ನದೂ ತಪ್ಪು. ತಿದ್ದಿಕೊಂಡೆ.

ಹರಟೆಮಲ್ಲ:
ಮೇಲೆ ನಗು, “ಹೆಸರೆತ್ತಿದೆನೆ ನಾನು?” ಎಂಬವನು
ಬಾಲವನೆ ತೋರಿ ತಲೆಯಡಗಿಸಿದ ಸರ್ಪದೊಲು
ಕಾಲ ಬುಡದಲಿ ಹರಿದು ಹೋಗಿರಲು, ಮಂದಿಯೋ
ಕಾಲಿಲ್ಲದವನ ಹೆಜ್ಜೆಯ ಗುರುತನರಸಿದರು

ಪೃಚ್ಛಕ:
ಹಾವು ಬೇಡ ಅಂದಿದ್ದೆ ಅಲ್ವಾ! ಆದರೂ ‘ಮಂದಿಯೋ’ ಇಷ್ಟವಾಯ್ತು. ಸೋವಿಯತ್ ನಾಯಕ ಜಿನೋವಿಯೆವ್ ಹೆಸರಲ್ಲಿ ಬ್ರಿಟನ್ನಿನಲ್ಲಿ ಹೊರಬಿದ್ದ ಪತ್ರ ನೆನಪಾಯ್ತು. 1924ರಲ್ಲಿ ಮತದಾನಕ್ಕೆ ನಾಲ್ಕು ದಿನ ಇರುವಾಗ ಪತ್ರಿಕೆಯಲ್ಲಿ ಬಂತು. ಲೇಬರ್ ಪಕ್ಷ ಮಾಸ್ಕೋ ಕಡೆಯದು ಅಂತ ಓದಿದವರಿಗೆ ಅನ್ನಿಸಬೇಕು, ಅಷ್ಟೇ. ಪಕ್ಷ ಸೋತಿತು. ಆ ಕಾಗದ ನಕಲಿ ಅಂತಲೇ ಇವತ್ತು ಇತಿಹಾಸಕಾರರ ಅಭಿಪ್ರಾಯ. ಬರೆದ ಕೈ ಯಾರದೋ, ಖಚಿತವಾಗಲೇ ಇಲ್ಲ.

ಸಂಜೆಮಲ್ಲಿಗೆ:
ತಡವಾಯ್ತು. ನನಗೆ ಹಾವೂ ಬೇಕಾಗಲಿಲ್ಲ, ನೆರಳೂ ಬೇಕಾಗಲಿಲ್ಲ.

ಕಾಲೆರಡ ರಣಕಿತ್ತು ಗಾಲಿಕುರ್ಚಿಯೊಳಿರಲು,
ಸೋಲಿಸುವ ದಾರಿ ಹೊಳೆಯದೆ ಕೊನೆಗೆ ಪರದೆಯಲಿ
ಸಾಲಾಗಿ ಹಗೆಗಳೊಡನಾತನನು ನಿಲಿಸುತ್ತ
ಕಾಲಿಲ್ಲದವನ ಹೆಜ್ಜೆಯ ಗುರುತನರಸಿದರು

ಇದು ಅಮೆರಿಕದ ಸೆನೆಟರ್ ಮ್ಯಾಕ್ಸ್ ಕ್ಲೀಲೆಂಡ್ ಕತೆ. 1968ರಲ್ಲಿ ವಿಯೆಟ್ನಾಂನಲ್ಲಿ ಗ್ರೆನೇಡ್ ಸಿಡಿದು ಎರಡು ಕಾಲು, ಬಲಗೈ ಹೋದವು. 2002ರಲ್ಲಿ ಜಾರ್ಜಿಯಾದಿಂದ ಮತ್ತೆ ಸೆನೆಟ್‌ಗೆ ನಿಂತಾಗ ಎದುರಾಳಿಯ ಟಿವಿ ಜಾಹೀರಾತು ಬಂತು. ಮೊದಲು ಒಸಾಮ ಬಿನ್ ಲಾಡೆನ್ ಮುಖ, ಸದ್ದಾಂ ಹುಸೇನ್ ಮುಖ, ಆಮೇಲೆ ಇವರದು. ದ್ರೋಹಿ ಅನ್ನುವ ಪದ ಎಲ್ಲೂ ಇಲ್ಲ. ದೇಶದೊಳಗಿನ ಭದ್ರತೆಯ ಇಲಾಖೆ (ಹೋಮ್‌ಲ್ಯಾಂಡ್ ಸೆಕ್ಯೂರಿಟಿ) ಕುರಿತು ಹೀಗೆ ಹೀಗೆ ಮತ ಹಾಕಿದರು ಅಂತ ಮಾತ್ರ ಇತ್ತು. ಅವರು ಸೋತರು.

ಮಾತ್ರೆಗುಳಿಗೆ:
ಎಣಿಸೋಕೆ ಹೊರಟವನು ಎರಡನೇ ಗಣದಲ್ಲೇ ನಿಲ್ಲಿಸಿದೆ. ಅಸಂಬದ್ಧ ಅಂದುಕೊಂಡಿದ್ದ ಸಾಲು ಅಕ್ಷರಶಃ ನಿಜವಾಗಿ ಕೂತಿದೆಯಲ್ಲ.

ಪೃಚ್ಛಕ:
ನನ್ನ ಸಾಲಿಗೆ ಇಂಥ ಅರ್ಥ ಇದೆ ಅಂತ ನನಗೇ ಗೊತ್ತಿರಲಿಲ್ಲ. ಈ ವಾರ ಇದೇ ಮೇಲು. ಮುಂದಿನದು: ‘ಬಾವುಟವ ಹಿಡಿದವನು ಬಾವುಟಕೆ ಹೆದರಿದನು’.

ಹರಟೆಮಲ್ಲ:
‘ವ’ ಪ್ರಾಸ. ಸಾವು, ನೋವು, ಕಾವಲು... ಛೇ, ಹಾವನ್ನು ಈ ವಾರವೇ ಖರ್ಚು ಮಾಡಿಬಿಟ್ಟೆ.