ತಮ್ಮಾ, ಅಜ್ಜ ಹುಟ್ಟಿದ್ದು ಜೂನ್ 1ಕ್ಕೆ ಅಲ್ಲ

ತಮ್ಮಾ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಎಲ್ಲರೂ ಪುರಸೊತ್ತಾದಾಗ ಕೇಳಿ.

ಅಪ್ಪಂದಿರ ದಿನ ಅಂತ ನಿನ್ನಜ್ಜನ, ಅಂದರೆ ನಮ್ಮಪ್ಪನ, ರುಮಾಲಿನ ಫೋಟೋ ಹಾಕಿದ್ದೀಯ. ಚಲೋ ಆಯಿತು. ವಂಶವೃಕ್ಷದ ಆಪ್ ಒಂದರಲ್ಲಿ ಎಲ್ಲರನ್ನೂ ತುಂಬುತ್ತಿದ್ದೇನೆ, ಹೆಸರು, ತಾರೀಖು ಗೊತ್ತಿದ್ದವರು ಹೇಳಿ ಅಂದಿದ್ದೀಯ. ಮೊದಲು ಆ 1-6-1940 ಅಳಿಸು. ಅದು ಮಾಸ್ತರರು ಕೊಟ್ಟ ಹುಟ್ಟುಹಬ್ಬ. ಹುಡುಗನನ್ನು ಸಾಲಿಗೆ ಹಚ್ಚಲು ಹೋದಾಗ ಹುಟ್ಟಿದ ದಿನ ಕೇಳಿದರೆ ಆಗ ಯಾರಿಗೆ ಗೊತ್ತಿರುತ್ತಿತ್ತು? ಸಾಲಿ ಶುರುವಾಗುವುದು ಜೂನ್‌ನಲ್ಲಿ, ವಯಸ್ಸು ಸರಿಹೋಗಬೇಕು, ಜೂನ್ 1 ಅಂತ ಬರೆದುಬಿಡುತ್ತಿದ್ದರು. ನಮ್ಮೂರಿನ ಅರ್ಧ ಮಂದಿ ಒಂದೇ ದಿನ ಹುಟ್ಟಿದವರು! ನಾನೂ ಮೂವತ್ತು ವರ್ಷ ಸಾಲಿಯಲ್ಲಿ ಕಲಿಸಿದವಳು, ಒಂದೆರಡು ಮಕ್ಕಳಿಗೆ ನಾನೂ ಹಾಗೇ ಬರೆದಿದ್ದೇನೆ. ಸುಳ್ಳು ಯಾಕೆ ಹೇಳಲಿ.

ನಿಜ ಗೊತ್ತಾಗಿದ್ದು ಹೆಳವರಿಂದ, ಅಂದರೆ ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವವರಿಂದ. ನೀನು ಬೆಂಗಳೂರಲ್ಲೇ ಬೆಳೆದವನು, ನೋಡಿರಲಿಕ್ಕಿಲ್ಲ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬರುತ್ತಿದ್ದರು. ಕಾಲಿನ ಮೇಲೆ ಕಂಬಳಿ ಹೊದ್ದಿರುತ್ತಿದ್ದರು, ಹೆಳವ ಅಂದರೆ ಕುಂಟ ಅಂತಲ್ಲವಾ. 1909ರಲ್ಲೇ ಥರ್ಸ್ಟನ್ ಅನ್ನುವ ಇಂಗ್ಲಿಷರವನು ಬಳ್ಳಾರಿ ಕಡೆಯ ಹೆಳವರ ಬಗ್ಗೆ ಇದನ್ನೇ ಬರೆದಿದ್ದಾನೆ. ಒಂದೊಂದು ಹೆಳವರ ಮನೆತನಕ್ಕೆ ಇಂತಿಂಥ ಒಕ್ಕಲು, ಅಂದರೆ ಅವರು ವಂಶಾವಳಿ ಹೇಳುವ ಮನೆಗಳು, ಅಂತ ಇರುತ್ತದೆ. ಕಟ್ಟೆ ಮೇಲೆ ಕೂತು ನಿಮ್ಮ ಮೂಲ ಊರು ಯಾವುದು, ಬೆಡಗು ಅಂದರೆ ಕುಲದ ಕವಲು ಯಾವುದು, ಯಾರ ಮಗ ಯಾರು ಅಂತ ಹಾಡಿದಂತೆ ಹೇಳಿಕೊಂಡು ಹೋಗುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಳ್ಳುತ್ತಾರೆ. ಜೋಳ, ಬಟ್ಟೆ, ರೊಕ್ಕ ಕೊಟ್ಟು ಕಳಿಸಬೇಕು. ಬರಿಗೈಲಿ ಕಳಿಸಿದರೆ ಹಿರಿಯರನ್ನೇ ಹೊರಗೆ ಹಾಕಿದಂತೆ ಅಂತ ನಮ್ಮವ್ವ ಬೈಯುತ್ತಿದ್ದಳು.

ಅವರ ಹೊತ್ತಿಗೆಯಲ್ಲಿ ಅಪ್ಪನ ಹೆಸರಿನ ಮುಂದೆ ವಿಕ್ರಮ ಸಂವತ್ಸರ ಅಂತಿತ್ತು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 2000ದ ಯುಗಾದಿಗೆ ಬಂದದ್ದು ವಿಕ್ರಮ, ಅದರ ಹಿಂದಿನದು 1940ರ ಯುಗಾದಿಗೆ. ನನ್ನ ಅಜ್ಜಿ ಹೇಳುತ್ತಿದ್ದುದು, ಹಿಂಗಾರಿ ಜೋಳ ಕೊಯ್ಯುವಾಗ ಹೊಟ್ಟೆ ನೋವು ಬಂತು ಅಂತ. ಅಂದರೆ 1941ರ ಜನವರಿ-ಫೆಬ್ರವರಿ. ಆಪ್‌ನಲ್ಲಿ ಅಷ್ಟನ್ನೇ ಹಾಕು, ತಾರೀಖು ಖಾಲಿ ಬಿಡು. ಹುಟ್ಟಿದ ಊರಿನ ಮುಂದೆ ಹಾವೇರಿ ಜಿಲ್ಲೆ ಅಂತಲೂ ಹಾಕಬೇಡ. ಆ ಜಿಲ್ಲೆ ಆಗಿದ್ದು 1997ಕ್ಕೆ. ಆಗ ನಮ್ಮದು ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ. ಹಳೆ ಕಾಗದ ಹುಡುಕುವಾಗ ಇದು ಬೇಕಾಗುತ್ತದೆ. ಕೆಲವು ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆ ಕೂಡುಬರಹದಲ್ಲಿರುತ್ತವೆ, ಓದುವವರನ್ನು ಹುಡುಕುವುದೇ ಒಂದು ಕೆಲಸ.

ಇನ್ನೊಂದು ಮಾತು. ಹೆಳವರ ಆ ಹೊತ್ತಿಗೆಯಲ್ಲಿ ನಿನ್ನಪ್ಪ, ಅಂದರೆ ನಮ್ಮಣ್ಣ ಇದ್ದಾನೆ, ನೀನಿದ್ದೀಯ. ನಾನಿಲ್ಲ. ನಮ್ಮವ್ವನೂ ಇಲ್ಲ. ಹೆಣ್ಣುಮಕ್ಕಳನ್ನು ಬರೆಯುವ ಪದ್ಧತಿಯೇ ಇರಲಿಲ್ಲ. ಹೆಳವರ ಮೇಲೆ ಸಿಟ್ಟಿಲ್ಲ, ನಾವು ಹೇಳಿದ್ದನ್ನೇ ಅವರು ಬರೆದರು. ನಿನ್ನ ಮರದಲ್ಲಿ ಮಾತ್ರ ಹಾಗಾಗಬಾರದು ನೋಡು.

ಈಗ ಮುಖ್ಯ ಮಾತಿಗೆ ಬರುತ್ತೇನೆ. 2013ರಲ್ಲಿ ಅಪ್ಪ ತೀರಿಕೊಂಡ ಮೇಲೆ ಹೊಲಕ್ಕೆ ವಾರಸಾ, ಅಂದರೆ ವಾರಸುದಾರರ ಹೆಸರು ದಾಖಲು, ಮಾಡಿಸಬೇಕಿತ್ತು. ಅಣ್ಣನಿಗೆ ರಜೆ ಇರಲಿಲ್ಲ, ನಾನೇ ಓಡಾಡಿದೆ. ಕಂಪ್ಯೂಟರ್ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಈಗಿನವರ ಹೆಸರು ಮಾತ್ರ ಸಿಗುತ್ತದೆ. ಹಳೆಯದು ಬೇಕು ಅಂತ ಮೂರು ಸಲ ಅರ್ಜಿ ಕೊಟ್ಟ ಮೇಲೆ ಒಂದು ಪುಟದ ನಕಲು ಸಿಕ್ಕಿತು. 1951ರದ್ದು. ನನ್ನ ಅಜ್ಜ ಸತ್ತಾಗ ಬರೆದ ವಾರಸಾ. ಅದರಲ್ಲಿ ಇಬ್ಬರು ಮಕ್ಕಳ ಹೆಸರು, ಪಕ್ಕದಲ್ಲಿ 'ಅ.ಪಾ.ಕ. ತಾಯಿ' ಅಂತ. ಏನಿದು ಅಂತ ಕೇಳಿದೆ. ಅಜ್ಞಾನ ಪಾಲನಕರ್ತ ಅಂತೆ. ಅಜ್ಞಾನ ಅಂದರೆ ವಯಸ್ಸಿಗೆ ಬಾರದ ಮಕ್ಕಳು, ಅವರ ಪರವಾಗಿ ತಾಯಿ. ದೊಡ್ಡ ಅಜ್ಞಾನ ನಮ್ಮಪ್ಪ, ಹತ್ತು ವರ್ಷ. ಸಣ್ಣ ಅಜ್ಞಾನ ಕಾಕಾ, ಮೂರು ವರ್ಷ.

ನನ್ನ ಅಜ್ಜ ಬೇಗ ಹೋದರು ಅಂತ ಗೊತ್ತಿತ್ತು. ಯಾವಾಗ ಅಂತ ನಾವ್ಯಾರೂ ಕೇಳಿರಲಿಲ್ಲ.

ಅಪ್ಪ ಜೀವಮಾನವಿಡೀ ಒಂದು ಮಾತು ಹೇಳುತ್ತಿದ್ದರು, ಅಣ್ಣನಿಗೂ ನೆನಪಿರಬೇಕು. "ನನಗ ಸಾಲಿ ತಲಿಗಿ ಹತ್ತಲಿಲ್ಲವ್ವಾ, ನೀವರ ಕಲೀರಿ." ನಾವು ನಗುತ್ತಿದ್ದೆವು. ನಾನು ಟೀಚರ್ ಆದ ಮೇಲೂ, ಅಪ್ಪಾ ನೀವು ನನ್ನ ಕ್ಲಾಸಿನಲ್ಲಿದ್ದಿದ್ದರೆ ಪಾಸಾಗುತ್ತಿರಲಿಲ್ಲ ಅಂತ ಚೇಷ್ಟೆ ಮಾಡಿದ್ದೇನೆ.

ಆ ಕಾಗದ ನೋಡಿದ ಮೇಲೆ ಯಾಕೋ ಮನಸ್ಸು ತಡೆಯಲಿಲ್ಲ. ಊರಿನ ಗಂಡುಮಕ್ಕಳ ಸಾಲಿಗೆ ಹೋದೆ. ಹೆಡ್‌ಮಾಸ್ತರರು ಪುಣ್ಯಾತ್ಮರು, ಹಳೆ ರಜಿಸ್ಟರ್ ತೆಗೆಸಿದರು. ಒಂದು ಮೂಲೆ ಗೆದ್ದಲು ತಿಂದಿತ್ತು. ಅಪ್ಪನ ಸಾಲು ಉಳಿದಿತ್ತು. ಐದನೆಯ ಇಯತ್ತೆ, ಅಂದರೆ ಐದನೆಯ ತರಗತಿ. ಅಭ್ಯಾಸ: ಚಲೋ. ನಡತೆ: ಚಲೋ. ಸಾಲಿ ಬಿಟ್ಟ ಕಾರಣ: ಒಕ್ಕಲುತನ. ಇಸವಿ 1951.

ಅಭ್ಯಾಸ ಚಲೋ ಅಂತ ಇತ್ತು ತಮ್ಮಾ. ಆ ಕಾಲದ ಮಾಸ್ತರರು ಸುಮ್ಮನೆ ಬರೆಯುವವರಲ್ಲ.

ಕಾಕಾ, ನೀವೂ ಕೇಳುತ್ತಿದ್ದೀರಿ ಅಂತ ಗೊತ್ತು. ಇದನ್ನು ನಿಮಗೆ ಹೇಳಬೇಕೋ ಬೇಡವೋ ಅಂತ ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದೆ. ನೀವು ಮುಲ್ಕಿ, ಅಂದರೆ ಏಳನೆಯ ಇಯತ್ತೆಯ ಪರೀಕ್ಷೆ, ಪಾಸಾಗಿ, ಮುಂದೆ ಓದಿ, ನೌಕರಿಗೆ ಸೇರಿದ ದಿನ ಅಪ್ಪ ಊರಿಗೆಲ್ಲ ಪೇಢೆ ಹಂಚಿದ್ದರಂತಲ್ಲ, ಅವ್ವ ಹೇಳುತ್ತಿದ್ದಳು. ನಿಮ್ಮೆದುರಿಗೂ ಅವರು ಸಾಲಿ ತಲೆಗೆ ಹತ್ತಲಿಲ್ಲ ಅಂತಲೇ ಹೇಳುತ್ತಿದ್ದರಲ್ಲವಾ? ನಿಮಗೆ ಬೇಜಾರಾಗಲಿ ಅಂತ ಹೇಳುತ್ತಿಲ್ಲ. ಅವರ ಬಗ್ಗೆ ನಿಮಗಿಂತ ಜಾಸ್ತಿ ಗೊತ್ತಿರುವವರು ಈಗ ಯಾರೂ ಉಳಿದಿಲ್ಲ. ತಮ್ಮ ಫೋನ್ ಮಾಡಿದರೆ ಮಾತಾಡಿ. ತಮ್ಮಾ, ನೀನು ತಾರೀಖು ಕೇಳಬೇಡ, ತಾರೀಖು ಕೇಳಿದರೆ ಕಾಕಾ ನೆನಪಿಲ್ಲ ಅಂದುಬಿಡುತ್ತಾರೆ. ಆ ವರ್ಷ ಹೊಲದಲ್ಲಿ ಏನು ಬಿತ್ತಿದ್ದಿರಿ, ಎತ್ತು ಯಾವುದಿತ್ತು ಅಂತ ಕೇಳು. ರೆಕಾರ್ಡ್ ಮಾಡಿಕೋ, ಆದರೆ ಮೊದಲು ಅವರ ಒಪ್ಪಿಗೆ ಕೇಳು.

ಆ ಎರಡು ಪುಟದ ಫೋಟೋ ನಾಳೆ ಹಾಕುತ್ತೇನೆ. ಉಳಿದ ಕಾಗದಗಳು ಅಟ್ಟದ ಮೇಲಿನ ಟ್ರಂಕಿನಲ್ಲಿವೆ. ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡಲು ಎಲ್ಲರೂ ಸೇರುತ್ತೇವಲ್ಲ, ಅವತ್ತು ಇಳಿಸೋಣ. ನೀನೂ ಬಾ. ದಯವಿಟ್ಟು ಯಾರೂ ಲ್ಯಾಮಿನೇಷನ್ ಮಾಡಿಸಲು ಹೋಗಬೇಡಿ, ಹಳೆ ಕಾಗದ ಹಾಳಾಗುತ್ತದೆ. ಟ್ರಂಕಿನ ಕೀಲಿ ಕಾಕಾ ಹತ್ತಿರ ಇರಬೇಕು. ಕಾಕಾ, ಕಳೆದಿದ್ದರೆ ಈಗಲೇ ಹೇಳಿಬಿಡಿ, ಬೀಗ ಒಡೆಸೋಣ.