ಗುಜರಿ ಲೋಹದ ಘಟಕಕ್ಕೆ ಕರೆಂಟ್ ಬಿಲ್‌ನಲ್ಲಿ ಸರ್ಕಾರದ ರಿಯಾಯಿತಿ ಸಿಗಲ್ವಾ?

ಕುಲುಮೆ_ಕೆಲಸ:
ಎಲ್ಲರಿಗೂ ನಮಸ್ಕಾರ. ನಮ್ಮದು ಗುಜರಿ ಲೋಹದ ಘಟಕ. ಒಂದು ಕಡೆ ಗುಜರಿ ಪುಡಿ ಮಾಡುವ ಶ್ರೆಡರ್ ಓಡುತ್ತದೆ, ಇನ್ನೊಂದು ಕಡೆ ಇಂಡಕ್ಷನ್ ಫರ್ನೇಸ್‌ನಲ್ಲಿ (ಕರೆಂಟ್ ಕುಲುಮೆ) ಅಲ್ಯೂಮಿನಿಯಂ ಕರಗಿಸಿ ಇಂಗಾಟ್ (ಲೋಹದ ಗಟ್ಟಿ) ಮಾಡುತ್ತೇವೆ. ಕರೆಂಟ್ ಜಾಸ್ತಿ ಬಳಸುವ ಕೈಗಾರಿಕೆಗಳಿಗೆ ಕೊಡುವ ರಿಯಾಯಿತಿಗೆ ಅರ್ಜಿ ಹಾಕಿದ್ದೆವು. "ನಿಮ್ಮದು ಕಸ ನಿರ್ವಹಣೆ, ತಯಾರಿಕೆ ಅಲ್ಲ" ಎಂದು ವಾಪಸ್ ಕಳಿಸಿದರು. ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು ಶೇ. 5ರಷ್ಟಿದ್ದರೆ ಗುಜರಿಯಿಂದ ತೆಗೆಯಬಹುದು. ಇಷ್ಟು ಉಳಿಸುವವರನ್ನೇ ಹೊರಗಿಟ್ಟರೆ ಹೇಗೆ? ದಾರಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಲೆಕ್ಕದ_ಪುಸ್ತಕ:
ಮೊದಲು ನೋಂದಣಿಯಲ್ಲಿ ನಿಮ್ಮ ಉದ್ಯಮದ ಕೋಡ್ ಏನಿದೆ ನೋಡಿ ಸರ್. ಬಹಳ ದೇಶಗಳ ಕೋಡ್ ಪಟ್ಟಿಗೆ, ಉದ್ಯಮಗಳನ್ನು ವಿಂಗಡಿಸುವ ವಿಶ್ವಸಂಸ್ಥೆಯ ಐಎಸ್‌ಐಸಿ ವರ್ಗೀಕರಣವೇ ಮೂಲ. ಅದರ ನಾಲ್ಕನೇ ಆವೃತ್ತಿಯಲ್ಲಿ ಗುಜರಿ ಬೇರ್ಪಡಿಸುವುದು, ಪುಡಿ ಮಾಡುವುದು 3830ಕ್ಕೆ ಬರುತ್ತದೆ, ಅಂದರೆ ನೀರು, ಚರಂಡಿ, ಕಸದ ಜೊತೆಗೆ. ಕರಗಿಸಿ ಇಂಗಾಟ್ ಮಾಡಿದರೆ 2420, ಅದು ತಯಾರಿಕೆ. ಎರಡೂ ಇದ್ದಾಗ ಯಾವುದರಿಂದ ಮೌಲ್ಯವರ್ಧನೆ (ಮಾರಿದ ಬೆಲೆಯಲ್ಲಿ ಹೊರಗಿಂದ ಕೊಂಡ ಸರಕು, ಸೇವೆಯ ಖರ್ಚು ಕಳೆದು ಉಳಿಯುವುದು) ಜಾಸ್ತಿಯೋ ಅದೇ ಮುಖ್ಯ ಚಟುವಟಿಕೆ. ಹಾಗಾಗಿ ಫರ್ನೇಸ್‌ಗೆ ಬೇರೆ ಮೀಟರ್ ಹಾಕಿಸಿ, ಅದರ ಲೆಕ್ಕ ಬೇರೆ ಇಡಿ. ಆಮೇಲೆ ಮತ್ತೆ ಅರ್ಜಿ ಹಾಕಿ. ಬರೀ ಶ್ರೆಡರ್ ಇರುವವರ ಪಾಡು ಕಷ್ಟ, ಅಲ್ಲಿ ನಿಯಮವೇ ಬದಲಾಗಬೇಕು.

ಮೀಟರ್_ರೀಡಿಂಗ್:
ಕೋಡ್ ಸರಿಯಾದರೂ ಇನ್ನೊಂದು ಗೇಟ್ ಇದೆ. ಬ್ರಿಟನ್‌ನ ಇಂಥದೊಂದು ಯೋಜನೆಯಲ್ಲಿ ಕಂಪನಿಯ ಕರೆಂಟ್ ಖರ್ಚು ಅದರ ಮೌಲ್ಯವರ್ಧನೆಯ ಶೇ. 20 ಮುಟ್ಟಬೇಕು, ಆಗ ಮಾತ್ರ ರಿಯಾಯಿತಿ. ಇಂಥ ಮಿತಿ ನಿಮ್ಮಲ್ಲೂ ಇದೆಯಾ ಕೇಳಿ. ಜೊತೆಗೆ ಬಿಲ್ ಬಿಡಿಸಿ ನೋಡಿ. ಕೆಲವು ನೆರವು ತೆರಿಗೆಗೆ, ಕೆಲವು ಲೈನ್ ಶುಲ್ಕಕ್ಕೆ. ಡಿಮ್ಯಾಂಡ್ ಚಾರ್ಜ್, ಅಂದರೆ ಒಂದೇ ಹೊತ್ತಿಗೆ ಎಳೆದ ಅತಿ ಹೆಚ್ಚು ಕರೆಂಟ್‌ಗೆ ಹಾಕುವ ಶುಲ್ಕ, ಮಾತ್ರ ನಿಮ್ಮ ಕೈಯಲ್ಲೇ ಇದೆ. ಅದನ್ನು ಸಾಮಾನ್ಯವಾಗಿ 15 ಅಥವಾ 30 ನಿಮಿಷದ ಸರಾಸರಿಯಲ್ಲಿ ಅಳೆಯುತ್ತಾರೆ. ಶ್ರೆಡರ್‌ಗೆ ದಪ್ಪ ತುಂಡು ಬಿದ್ದ ಹೊತ್ತಿನಲ್ಲೇ ಫರ್ನೇಸ್ ಪೂರ್ತಿ ಪವರ್‌ನಲ್ಲಿದ್ದರೆ, ಆ ಒಂದು ಏರಿಕೆ ಇಡೀ ತಿಂಗಳ ಬಿಲ್ ಮೇಲೆ ಕೂರುತ್ತದೆ. ಎರಡನ್ನೂ ಬೇರೆ ಬೇರೆ ಹೊತ್ತಿಗೆ ಓಡಿಸಿ. ಫರ್ನೇಸ್ ಮುಚ್ಚಳ ಸುಮ್ನೆ ತೆರೆದಿಡಬೇಡಿ, ಶಾಖವೆಲ್ಲ ಮೇಲೆ ಹೋಗುತ್ತದೆ.

ಕೆಂಪುಕಬ್ಬಿಣ:
ಮುಚ್ಚಳ ಮುಚ್ಚೋದು ಸರಿ, ಆದರೆ ಇದು ಬರೀ ಮಿತವ್ಯಯದ ಮಾತಲ್ಲ. ಅದಿರು ಕರಗಿಸುವ ದೊಡ್ಡ ಕಾರ್ಖಾನೆಗಳು ಎಷ್ಟೋ ವರ್ಷಕ್ಕೆ ಅಗ್ಗದ ಕರೆಂಟ್ ಒಪ್ಪಂದ ಮಾಡಿಕೊಂಡಿರುತ್ತವೆ. ಸಣ್ಣ ಘಟಕಕ್ಕೆ ಆ ಬಲ ಎಲ್ಲಿದೆ? ಎಷ್ಟು ಯೂನಿಟ್ ಸುಟ್ಟೆವು ಅನ್ನೋದರ ಮೇಲೆ ನೆರವು ಕೊಟ್ಟರೆ ದೊಡ್ಡವರಿಗೇ ಲಾಭ. ಟನ್ ಲೋಹಕ್ಕೆ ಎಷ್ಟು ಯೂನಿಟ್ ಉಳಿಯಿತು ಅನ್ನೋದನ್ನು ನೋಡಿ ಕೊಡಲಿ. ಒಬ್ಬೊಬ್ಬರೇ ಅಲೆಯುವ ಬದಲು ಘಟಕದವರೆಲ್ಲ ಸೇರಿ ಇದನ್ನೇ ಕೇಳಬೇಕು.

ಕುಲುಮೆ_ಕೆಲಸ:
ತುಂಬಾ ಥ್ಯಾಂಕ್ಸ್. ನಮ್ಮ ನೋಂದಣಿಯಲ್ಲಿ 3830 ಮಾತ್ರ ಇದೆ, ಈಗ ತೆಗೆದು ನೋಡಿದೆ. ಫರ್ನೇಸ್ ಮೀಟರ್ ಹಾಕಿಸಿದ ಮೇಲೆ ಎಷ್ಟು ತಿಂಗಳ ರೀಡಿಂಗ್ ಇಟ್ಟುಕೊಂಡು ಅರ್ಜಿ ಹಾಕಿದರೆ ಒಳ್ಳೆಯದು?

ಲೆಕ್ಕದ_ಪುಸ್ತಕ:
ಒಂದು ಪೂರ್ತಿ ಆರ್ಥಿಕ ವರ್ಷದ್ದು ಇರಲಿ. ಕರಗಿಸಿದ ಟನ್ ಲೆಕ್ಕವನ್ನೂ ಅದೇ ತಾರೀಕುಗಳಿಗೆ ಹೊಂದಿಸಿ ಇಡಿ.